ಛತ್ರಿಯ ಅಳತೆ

ಜೂನ್ 7, ಶನಿವಾರ

ಮೀನಿನ ತೊಟ್ಟಿ: ಉಷ್ಣಾಂಶ 25.6. ಉಪ್ಪು 1.025. ನಾಲ್ಕು ದಿನದಲ್ಲಿ ಮೂರು ಲೀಟರ್ ಆರಿತ್ತು. ಸಿಹಿನೀರು ಸೇರಿಸಿದೆ. ಆರಿ ಹೋಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಮೊದಲ ವರ್ಷ ಇದು ತಲೆಗೆ ಹೋಗದೆ ಉಪ್ಪುನೀರನ್ನೇ ಸುರಿದು ಎರಡು ಸೀಗಡಿಗಳನ್ನು ಕೊಂದೆ.

ಚೋಟು 10.20ರ ಬಸ್ಸಿಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ತೊಟ್ಟಿಯ ಮುಂದೆ. ನನಗೆ ಒಂದು "ಹೂಂ ಅಪ್ಪ", ಮೀನಿಗೆ ಐದು ನಿಮಿಷ ಕುಶಲ ವಿಚಾರಣೆ. ಹನ್ನೆರಡು ವರ್ಷದ ಮಗಳು ವಾರಕ್ಕೊಂದು ದಿನ ಬರುವಾಗ ಸಿಕ್ಕಿದ್ದೇ ಸೀರುಂಡೆ.

ಕ್ಲಿಪ್ಪಿಗೆ ಕಡಲಪಾಚಿಯ ಹಾಳೆ ಸಿಕ್ಕಿಸಿದಳು. ಬಟ್ಟೆಗೆ ಹಾಕುವ ಮಾಮೂಲಿ ಪ್ಲಾಸ್ಟಿಕ್ ಕ್ಲಿಪ್ಪು, ಗಾಜಿಗೆ ಕಚ್ಚುವ ರಬ್ಬರ್ ಬಟ್ಟಲಿಗೆ ಕಟ್ಟಿದ್ದು. ನಮ್ಮ ಮೀನು ಛತ್ರಿ ಬಂತು, ಗಾಜಿಗೆ ಮಗ್ಗುಲಾಗಿ ನಿಂತು ಕಿತ್ತು ಕಿತ್ತು ತಿಂದಿತು. ಅಷ್ಟರಲ್ಲಿ ಹೊರಗಿನಿಂದ ಅಂಟಿಸಿದ ಕಾಗದದ ಅಳತೆಪಟ್ಟಿಯಲ್ಲಿ ಚೋಟು ಓದಬೇಕು. ಮೂತಿಯಿಂದ ಬಾಲದ ತುದಿಗೆ 14.4. ಅವಳ ನೋಟ್‌ಬುಕ್ಕಿನಲ್ಲಿ ಅವಳು ಬರೆದಳು, ನನ್ನದರಲ್ಲಿ ನಾನು.

ಸಂಜೆ ಐದಕ್ಕೆ ಬಸ್ಸು ಹತ್ತಿಸಿ ಬಂದೆ.

ಜೂನ್ 8, ಭಾನುವಾರ

ಗಾಜು ಉಜ್ಜಿದೆ. ಛತ್ರಿ ಹಿಂದೆ ಹಿಂದೆಯೇ, ಮೇಲ್ವಿಚಾರಣೆಗೆ. ಇದು ಹವಳದ ದಿಬ್ಬಗಳ ಸರ್ಜನ್ ಮೀನು, ಹಾಯಿಯಂಥ ರೆಕ್ಕೆ ಇರುವ ಜಾತಿ. ಬಾಲದ ಬುಡದಲ್ಲಿ ಎರಡು ಕಡೆಯೂ ಒಂದೊಂದು ಬಿಳಿ ಮುಳ್ಳು. ಜೇಬಿನ ಚಾಕುವಿನ ಹಾಗೆ ಮಡಚಿಕೊಂಡಿರುತ್ತದೆ, ಬಾಲ ಬಾಗಿಸಿದರೆ ಹೊರಗೆ ಬರುತ್ತದೆ. ಹೆದರಿದಾಗ, ಜಂಬ ಬಂದಾಗ, ಮೇಲಿನ ಕೆಳಗಿನ ರೆಕ್ಕೆ ಎರಡನ್ನೂ ಫಟ್ಟನೆ ಬಿಚ್ಚುತ್ತದೆ. ಅಂಗಡಿಯಲ್ಲಿ ಅದನ್ನು ನೋಡಿಯೇ ಚೋಟು ಹೆಸರಿಟ್ಟಿದ್ದು. ಆಗ ಆರು ಸೆಂಟಿಮೀಟರ್ ಇತ್ತು.

ಮೀನಂಗಡಿಯವರು ಅವತ್ತೇ ಹೇಳಿದ್ದರು: "ಹದಿನೈದು ಸೆಂಟಿಮೀಟರ್ ದಾಟಿದ್ರೆ ನಿಮ್ಮ ನಾಲ್ಕಡಿ ತೊಟ್ಟಿ ಇದಕ್ಕೆ ಸಾಲಲ್ಲ ಸಾರ್. ಈ ಜಾತಿ ದಿನವಿಡೀ ಈಜಾಡೋದು. ಇಕ್ಕಟ್ಟಾದ್ರೆ ಸೊರಗುತ್ತೆ, ಇಲ್ಲಾ ತಲೆ ಕೆಟ್ಟು ಎಲ್ಲರಿಗೂ ಹೊಡೆಯುತ್ತೆ." ಮನೆಗೆ ಬಂದವಳೇ ಚೋಟು ಕರಾರುಪತ್ರ ಬರೆದಳು. ಫ್ರಿಜ್ಜಿನ ಬಾಗಿಲ ಮೇಲೆ ಈಗಲೂ ಇದೆ. "ಛತ್ರಿ 15 ಸೆಂ.ಮೀ. ಆದ ದಿನ ದೊಡ್ಡ ಮತ್ಸ್ಯಾಲಯಕ್ಕೆ ಕೊಡತಕ್ಕದ್ದು." ಇಬ್ಬರ ಸಹಿ. ಅಲ್ಲಿಯ ಮೇಡಂ ಫೋನಿನಲ್ಲಿ ಒಪ್ಪಿಯೂ ಆಗಿದೆ. ಮೂವತ್ತೆರಡು ಅಡಿ ಉದ್ದದ ತೊಟ್ಟಿಯಂತೆ.

ಆಗ ಹದಿನೈದು ಎಂದರೆ ಮುಂದಿನ ಜನ್ಮದ ಮಾತು ಎನಿಸಿತ್ತು. ಈಗ ಆರು ಮಿಲಿಮೀಟರ್ ಬಾಕಿ.

ಜೂನ್ 14, ಶನಿವಾರ, ಸಂಜೆ 6

14.5.

ಚೋಟುವಿಗೆ ಮಧ್ಯಾಹ್ನ ಗೆಳತಿಯ ಫೋನ್ ಬಂತು. ಎಲ್ಲಿಗೋ ಕರೆಯುತ್ತಿದ್ದಳು. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ, ನಲ್ಲಿ ಸಣ್ಣಗಿತ್ತು.

"ಶನಿವಾರ ಆಗಲ್ಲ ಕಣೇ. ಶನಿವಾರ ನಮ್ಮ ಮೀನಿದೆ."

ಅಷ್ಟೇ. ಅಪ್ಪನ ಮನೆಗೆ ಹೋಗಬೇಕು ಎನ್ನಲಿಲ್ಲ. ಸುಳ್ಳೇನೂ ಹೇಳಲಿಲ್ಲ, ಇರುವುದನ್ನೇ ಹೇಳಿದಳು. ಅವಳ ಅಮ್ಮನೂ ನಾನೂ ಬೇರೆಯಾದ ಮೊದಲ ವರ್ಷ ಇಲ್ಲಿಗೆ ಬಂದರೆ ಮೊಬೈಲಿನೊಳಗೆ ಮುಖ ಹುದುಗಿಸಿ ಕೂರುತ್ತಿದ್ದಳು. ಮೂರು ಶನಿವಾರಕ್ಕೆ ಒಂದು ತಲೆನೋವು, ಒಂದು ಹೋಂವರ್ಕು. ಮೀನು ಬಂದ ಮೇಲೆ ಒಂದು ಶನಿವಾರವೂ ತಪ್ಪಿಲ್ಲ.

ಅಂದರೆ ಇನ್ನು ಐದು ಮಿಲಿಮೀಟರ್.

ಜೂನ್ 16, ಸೋಮವಾರ

ಲ್ಯಾಬಿನಲ್ಲಿ ದಿನವಿಡೀ ಒಂದೇ ಕೆಳದವಡೆಯ ಹಲ್ಲಿನ ಸೆಟ್ಟು. ರಿಟೈರಾದ ಮೇಷ್ಟ್ರೊಬ್ಬರದು. ಮೂರನೇ ಸಲ ವಾಪಸ್ ಬಂದಿದೆ: "ಒತ್ತುತ್ತೆ." ನಾನು ಅವರ ದವಡೆಯ ಪ್ಲಾಸ್ಟರ್ ಮಾಡೆಲ್ಲಿಗೆ ಕೂರಿಸಿ ತೋರಿಸಿದೆ, ಕೂದಲು ತೂರುವಷ್ಟೂ ಸಂದಿಲ್ಲ. ಡಾಕ್ಟರ್ ನಕ್ಕರು. "ಒತ್ತುತ್ತೆ ಅಂತ ಬಾಯಿ ಹೇಳಿದ್ರೆ ಬಾಯೇ ಸರಿ ಕಣ್ರೀ. ನಿಮ್ಮ ಮಾಡೆಲ್ ಸುಳ್ಳು."

ಇಪ್ಪತ್ತಾರು ವರ್ಷದಿಂದ ಹಲ್ಲಿನ ಸೆಟ್ ಮಾಡುತ್ತಿದ್ದೇನೆ. ಅಳತೆಗೆ ತಕ್ಕಂತೆ ಮಾಡುವುದೊಂದೇ ನನಗೆ ಗೊತ್ತಿರುವ ವಿದ್ಯೆ. ಮೇಷ್ಟ್ರ ಸೆಟ್ಟಿನ ಅಂಚು ಅರ್ಧ ಮಿಲಿ ಉಜ್ಜಿ ಕಳಿಸಿದೆ. ಹಲ್ಲಿದ್ದವನಿಗೆ ಕಡಲೆ ಇಲ್ಲ ಎನ್ನುತ್ತಾರೆ. ಇವರಿಗೆ ಕಡಲೆಯೂ ಇದೆ, ಹಲ್ಲೂ ಇದೆ, ಸಮಾಧಾನ ಇಲ್ಲ.

ಜೂನ್ 20, ಶುಕ್ರವಾರ

ಮಾಡಿದೆ.

ಲ್ಯಾಬಿನ ಝೆರಾಕ್ಸ್ ಯಂತ್ರದಲ್ಲಿ ಅಳತೆಪಟ್ಟಿಯನ್ನು ನೂರಾ ಒಂದು ಪರ್ಸೆಂಟಿಗೆ ಹಿಗ್ಗಿಸಿದೆ. ಪಟ್ಟಿ ಹಿಗ್ಗಿದರೆ ಮೀನು ಕುಗ್ಗುತ್ತದೆ. ಒಂದೇ ಸಲಕ್ಕೆ ನೂರಾ ಐದು ಮಾಡಿದರೆ ಹೋದ ವಾರಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ಸಿಕ್ಕಿಬೀಳುತ್ತೇನೆ. ಆದ್ದರಿಂದ ಸ್ವಲ್ಪ ಸ್ವಲ್ಪವೇ ಏರಿಸಬೇಕು. ನೀರು ತಾಗಿ ಹಳೆಯದು ಮಾಸಿತು ಎಂದರೆ ಆಯಿತು, ನಿಜವಾಗಿಯೂ ಮಾಸುತ್ತದೆ.

ಪ್ಲಾಸ್ಟರ್ ಕಲಸುವ ಹಿರಿಯರು, ನಾವೆಲ್ಲ ಪ್ಲಾಸ್ಟರಣ್ಣ ಎನ್ನುತ್ತೇವೆ, ಟ್ರೇಯಲ್ಲಿ ಕೆಟ್ಟ ಪ್ರತಿಗಳನ್ನು ನೋಡಿದರು. "ಏನಪ್ಪಾ, ಯಂತ್ರಕ್ಕೆ ಮಗ್ಗಿ ಕಲಿಸ್ತಿದೀಯಾ?"

"ಮೀನಿಗೆ."

"ಓದೋ ಮೀನೇ ಇರ್ಬೇಕು ಬಿಡು."

ಈ ಪುಸ್ತಕದಲ್ಲಾದರೂ ನಿಜದ ಅಳತೆ ಬರೆಯುತ್ತೇನೆ. ಎರಡೂ ಕಡೆ ಸುಳ್ಳಾದರೆ ನನಗೇ ಲೆಕ್ಕ ತಪ್ಪುತ್ತದೆ.

ಜೂನ್ 21, ಶನಿವಾರ

ಪಟ್ಟಿ: 14.5. ನಿಜ: 14.6.

"ಬೆಳೆದೇ ಇಲ್ಲ," ಎಂದಳು ಚೋಟು. ಖುಷಿಯಾದ ಹಾಗಿತ್ತು. ಇರಲಿ.

ಜುಲೈ 5, ಶನಿವಾರ

ಪಟ್ಟಿ: 14.5. ನಿಜ: 14.9. ಝೆರಾಕ್ಸ್ 103.

ಚೋಟು ಊಟದ ಮೇಲೆ ಕಿಟಕಿಯ ಕೆಳಗಿನ ದಿವಾನದ ಮೇಲೆ ಓದುತ್ತ ಬಿದ್ದುಕೊಂಡಿದ್ದಳು. ಅವಳಿಗೆಂದೇ ನಾನು ಮಾಡಿದ್ದು, ಎರಡು ವರ್ಷದ ಹಿಂದಿನ ಅವಳ ಅಳತೆಗೆ. ಪಾದ ಎರಡೂ ಹೊರಗೆ ನೇತಾಡುತ್ತಿದ್ದವು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ," ಎಂದೆ.

"ಹಾಸಿಗೆ ಮಾಡಿದೋನು ನೀನೇ ಅಲ್ವಾ?"

ಕಾಲು ಮಡಚಿಕೊಂಡು ಓದು ಮುಂದುವರಿಸಿದಳು.

ಜುಲೈ 12, ಶನಿವಾರ

ಪಟ್ಟಿ: 14.5. ನಿಜ: 15.0.

ಹದಿನೈದು. ಕರಾರಿನ ದಿನ. ಆ ಕಾಗದದ ಮುಂದೆ ನಿಂತೇ ಫ್ರಿಜ್ಜಿನಿಂದ ಹಾಲು ತೆಗೆದೆ.

ಹೊಸ ತಲೆನೋವು ಶುರು. ಮೀನು ಯಾಕೆ ಬೆಳೆಯುತ್ತಿಲ್ಲ ಎಂದು ಚೋಟುವಿಗೆ ಚಿಂತೆ. ಹೊಟ್ಟೆಯಲ್ಲಿ ಹುಳು ಇರಬಹುದಾ? ಪಾಚಿ ಸಾಲುತ್ತಿಲ್ಲವಾ? ಮೀನಂಗಡಿಯವರಿಗೆ ಫೋನ್ ಮಾಡು ಎಂದು ಪೀಡಿಸಿದಳು. ಮಾಡಿದ ಹಾಗೆ ಮಾಡಿದೆ. "ಹೊಟ್ಟೆ ತುಂಬ ತಿಂದ್ರೆ ಏನೂ ತೊಂದರೆ ಇಲ್ಲವಂತೆ" ಎಂದೆ. ದಿನಕ್ಕೆ ಒಂದು ಹಾಳೆ ಇದ್ದದ್ದು ಎರಡು ಮಾಡಿಸಿದಳು. ಹೀಗೆ ತಿನ್ನಿಸಿದರೆ ಬೆಳೆಯದೆ ಇನ್ನೇನಾಗುತ್ತದೆ. ನಾನು ಕುಗ್ಗಿಸುವುದು, ಅವಳು ಹಿಗ್ಗಿಸುವುದು. ಎತ್ತು ಏರಿಗೆ, ಕೋಣ ನೀರಿಗೆ.

ಜುಲೈ 23, ಬುಧವಾರ

ಗುಹೆಯ ಬಾಯಿಯಲ್ಲಿ ಛತ್ರಿ ತಡವರಿಸುತ್ತಿದೆ. ಒಳಗೆ ಹೋಗುವಾಗ ಮಗ್ಗುಲು ತಾಗುತ್ತದೆ.

ಗುಹೆ ನನ್ನ ಕೈಕೆಲಸ. ಈ ಮೀನು ಮಲಗುವುದು ಕಲ್ಲಿನ ಬಿರುಕಿನಲ್ಲಿ ನುಗ್ಗಿ ಕೂತು. ನಮ್ಮ ತೊಟ್ಟಿಯಲ್ಲಿ ಬಿರುಕಿಲ್ಲದೆ ಪಂಪಿನ ಹಿಂದೆ ತೂರಿಕೊಂಡು ಮೈ ತರಚಿಕೊಳ್ಳುತ್ತಿತ್ತು. ಮಾರ್ಚಿನಲ್ಲಿ ಸೆಟ್ಟಿಗೆ ಬಳಸುವ ಗುಲಾಬಿ ಅಕ್ರಿಲಿಕ್ ಪ್ಲಾಸ್ಟಿಕ್ಕಿನಲ್ಲೇ ಒಂದು ಗುಹೆ ಮಾಡಿದೆ. ಕುದಿಸಿ ಗಟ್ಟಿ ಮಾಡಿ, ಹದಿನೈದು ದಿನ ನೀರಲ್ಲಿ ನೆನೆಸಿ, ವಾಸನೆ ಪೂರ್ತಿ ಹೋದ ಮೇಲೆ ಇಳಿಸಿದ್ದು. ರೆಕ್ಕೆ ಮಡಚಿದ ಮೀನಿನ ಅಳತೆ ತೆಗೆದು ಸುತ್ತ ಐದು ಮಿಲಿ ಬಿಟ್ಟಿದ್ದೆ. ತೊಟ್ಟಿಯ ಮೂಲೆಯಲ್ಲಿ ಯಾರೋ ಬಾಯಿ ತೆರೆದು ಕೂತ ಹಾಗಿದೆ. ಮೊದಲ ಸಂಜೆಯೇ ಛತ್ರಿ ಒಳಗೆ ಹೋಗಿ ಮಲಗಿತ್ತು. ಇಷ್ಟು ಚೆನ್ನಾಗಿ ಕೂತ ಕೆಲಸ ನಾನು ಯಾವ ಮನುಷ್ಯರ ಬಾಯಿಗೂ ಮಾಡಿಲ್ಲ.

ಬಾಯಿ ಬೆಳೆಯುವುದಿಲ್ಲ. ಮೀನು ಬೆಳೆಯುತ್ತದೆ. ಅದು ನನ್ನ ಲೆಕ್ಕದಲ್ಲಿ ಬಂದಿರಲಿಲ್ಲ.

ಇವತ್ತು ಗುಹೆ ಹೊರತೆಗೆದು ಒಳಗಿನಿಂದ ಒಂದು ಮಿಲಿ ಉಜ್ಜಿದೆ. ಹೊಸದೇ ಮಾಡಬೇಕು, ದೊಡ್ಡದು. ಆದರೆ ಶನಿವಾರ ಯಾಕೆ ಎಂದು ಕೇಳುತ್ತಾಳೆ. ಬೆಳೆಯದ ಮೀನಿಗೆ ದೊಡ್ಡ ಮನೆ ಯಾಕೆ?

ಆಗಸ್ಟ್ 2, ಶನಿವಾರ

ಪಟ್ಟಿ: 14.6. ನಿಜ: 15.3. ಝೆರಾಕ್ಸ್ 105. ಒಂದು ಮಿಲಿ ಬೆಳೆಯಲು ಬಿಟ್ಟಿದ್ದೇನೆ, ಮಗುವಿನ ಸಮಾಧಾನಕ್ಕೆ.

ಚೋಟು ಇವತ್ತು ತೊಟ್ಟಿಯ ಮುಂದೆ ತುಂಬ ಹೊತ್ತು ಕೂತಿದ್ದಳು. ಆಮೇಲೆ ಬಂದು, "ಅಪ್ಪ, ಪ್ಲಾಸ್ಟಿಕ್ ನೀರಲ್ಲಿದ್ರೆ ಕುಗ್ಗುತ್ತಾ?" ಎಂದಳು.

ನನ್ನ ವಿಷಯ. ಹತ್ತು ನಿಮಿಷ ಹೇಳಿದೆ. ಅಚ್ಚಿನಲ್ಲಿ ಗಟ್ಟಿಯಾಗುವಾಗ ಕುಗ್ಗುತ್ತದೆ, ನೀರಲ್ಲಿ ಇಟ್ಟರೆ ತುಸು ಹಿಗ್ಗುತ್ತದೆ, ಅದಕ್ಕೇ ಸೆಟ್ಟನ್ನು ಒಣಗಲು ಬಿಡಬಾರದು, ಇತ್ಯಾದಿ.

"ಹಿಗ್ಗುತ್ತೆ. ಕುಗ್ಗಲ್ಲ."

"ಕುಗ್ಗಲ್ಲ."

"ಹೂಂ," ಎಂದು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು. ನನ್ನ ಕೆಲಸದ ಬಗ್ಗೆ ಅವಳು ಕೇಳಿದ್ದು ಇದೇ ಮೊದಲು. ಮನಸ್ಸು ಅರಳಿತು. ಬರೆಯಲು ನಾಚಿಕೆಯಾದರೂ ಬರೆದಿದ್ದೇನೆ.

ಆಗಸ್ಟ್ 16, ಶನಿವಾರ

ಪಟ್ಟಿ: 14.6. ನಿಜ: 15.5.

"ಅಪ್ಪ, ಚೋಟು ಅನ್ನೋದು ಬಿಡು. ಕ್ಲಾಸಲ್ಲಿ ಹಿಂದಿನ ಸಾಲಲ್ಲಿ ನಿಲ್ಲಿಸ್ತಾರೆ ನನ್ನ."

"ಹುಟ್ಟಿದಾಗ ಚೋಟುದ್ದ ಇದ್ದೆ."

"ಎಲ್ಲರೂ ಇರ್ತಾರೆ."

ಆಗಲಿ. ಬಾಯಿಗೆ ರೂಢಿಯಾಗಿದೆ, ಸ್ವಲ್ಪ ದಿನ ಹಿಡಿಯುತ್ತದೆ.

ಆಗಸ್ಟ್ 19, ಮಂಗಳವಾರ

ಛತ್ರಿ ತೊಟ್ಟಿಯ ಈ ತುದಿಯಿಂದ ಆ ತುದಿಗೆ ಹೋಗಿ ತಿರುಗಲು ನಾಲ್ಕು ಸೆಕೆಂಡು. ಮತ್ತೆ ನಾಲ್ಕು. ಊಟದ ತಟ್ಟೆ ಹಿಡಿದು ಎಣಿಸಿದೆ. ಗಾಜಿನ ಬಳಿ ಬಂದಾಗ ತನ್ನದೇ ನೆರಳಿಗೆ ರೆಕ್ಕೆ ಬಿಚ್ಚಿ ಬಾಲ ಬೀಸುತ್ತಿದೆ. ಬಸವನಹುಳುಗಳನ್ನು ಕಲ್ಲಿನಿಂದ ಉರುಳಿಸುತ್ತಿದೆ. ಮೀನಂಗಡಿಯವರು ಹೇಳಿದ್ದೆಲ್ಲ ಒಂದೊಂದಾಗಿ ಬರುತ್ತಿದೆ.

ಗುಹೆಯನ್ನು ಇನ್ನೂ ಅರ್ಧ ಮಿಲಿ ಉಜ್ಜಿದೆ. ಗೋಡೆ ತೆಳುವಾಗಿದೆ, ಇನ್ನು ಉಜ್ಜಲಾಗದು.

ಡಿಸೆಂಬರ್‌ವರೆಗೆ ಇಟ್ಟುಕೊಳ್ಳೋಣ ಎಂದುಕೊಂಡಿದ್ದೇನೆ. ಡಿಸೆಂಬರಿನಲ್ಲಿ ಏನು ಬದಲಾಗುತ್ತದೆ?

ಆಗಸ್ಟ್ 30, ಶನಿವಾರ

ಪಟ್ಟಿ: 14.6. ನಿಜ: 15.8. ಝೆರಾಕ್ಸ್ 108.

ಮಗಳ ಅಮ್ಮ ಫೋನ್ ಮಾಡಿದ್ದಳು. ಸ್ಕೂಲಿನ ಫಾರಂ, ಸಹಿ, ಇತ್ಯಾದಿ. ಕೊನೆಗೆ ಕೇಳಿದಳು: "ಆ ಮೀನು ದೊಡ್ಡದಾದ್ಮೇಲೆ ಕೊಡ್ತೀರಂತಲ್ಲ. ಯಾವಾಗ?"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ. "ಯಾಕೆ? ಅವಳೇನಾದ್ರೂ ಅಂದ್ಲಾ?"

"ಏನೂ ಅಂದಿಲ್ಲ. ಈಚೆಗೆ ಮೀನಿನ ವಿಷಯ ಎತ್ತಿದ್ರೆ ಸುಮ್ನಾಗ್ತಾಳೆ, ಅದಕ್ಕೆ ಕೇಳ್ದೆ."

ಇನ್ನೂ ಹದಿನೈದಾಗಿಲ್ಲ ಎಂದೆ. ನಾಲಿಗೆ ತಡವರಿಸಲಿಲ್ಲ. ಅಭ್ಯಾಸವಾಗಿದೆ.

ಸೆಪ್ಟೆಂಬರ್ 12, ಶುಕ್ರವಾರ

ಝೆರಾಕ್ಸ್ 110. ಪ್ಲಾಸ್ಟರಣ್ಣ ಈಗ ಕೇಳುವುದನ್ನು ಬಿಟ್ಟಿದ್ದಾರೆ. ನಾನು ಬಂದರೆ ಯಂತ್ರದ ಮುಚ್ಚಳ ತಾವೇ ಎತ್ತಿಕೊಡುತ್ತಾರೆ.

ಸಂಜೆ ದೀಪ ಆರಿಸುವ ಮೊದಲು ನೋಡಿದೆ. ಛತ್ರಿ ಎರಡು ಸಲ ಗುಹೆಯ ಬಾಯಿಗೆ ಬಂದು ಹಿಂದೆ ಸರಿಯಿತು. ಮೂರನೇ ಸಲ ನುಗ್ಗಿತು.

ಸೆಪ್ಟೆಂಬರ್ 14, ಭಾನುವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಒಂದು ಸಾಲಿಗೆ ಎರಡು ನಿಮಿಷ. ಬಲಗೈ ತೋರುಬೆರಳಿಗೆ ನಾಲ್ಕು ಹೊಲಿಗೆ. ಮೀನು ಬದುಕಿದೆ. ಉಳಿದದ್ದು ನಾಳೆ.

ಸೆಪ್ಟೆಂಬರ್ 15, ಸೋಮವಾರ

ರಜೆ. ಕೈ ಊದಿದೆ, ಕೆಲಸ ಆಗದು. ನಿಧಾನವಾಗಿ ಬರೆಯುತ್ತೇನೆ.

ಶನಿವಾರ ಬೆಳಿಗ್ಗೆ ತೊಟ್ಟಿಯ ದೀಪ ಹಾಕಿದೆ. ಛತ್ರಿ ಹೊರಗೆ ಬರಲಿಲ್ಲ. ತಡವಾಗಿ ಏಳುವ ದಿನವೂ ಇರುತ್ತದೆ ಎಂದುಕೊಂಡು ಬ್ರೆಡ್ಡು ಸುಟ್ಟುಕೊಂಡೆ. ಅದನ್ನು ತಿಂದೆ ಕೂಡ. ಇದನ್ನು ಬರೆದಿಡಬೇಕು.

ಮಗಳು ಬಂದಳು, ಪಾಚಿ ಸಿಕ್ಕಿಸಿದಳು, ಕಾದಳು. ಟಾರ್ಚು ಹಿಡಿದು ಗುಹೆಯೊಳಗೆ ಬಗ್ಗಿ ನೋಡಿದವಳು ಕೂಗಲಿಲ್ಲ. ಮೆಲ್ಲಗೆ, "ಅಪ್ಪ, ಬಾ," ಎಂದಳು. ಬಾಲ ಮಾತ್ರ ಕಾಣುತ್ತಿತ್ತು. ಅದು ಸಣ್ಣಗೆ ನಡುಗುತ್ತಿತ್ತು. ಒಳಗೆ ನುಗ್ಗಿ, ಹೆದರಿ, ರೆಕ್ಕೆ ಎರಡೂ ಬಿಚ್ಚಿಕೊಂಡಿದೆ. ಬಿಚ್ಚಿದ ಛತ್ರಿಯನ್ನು ಕೊಳವೆಯಿಂದ ಎಳೆಯಲು ಬರುವುದಿಲ್ಲ. ಎಳೆದಷ್ಟೂ ರೆಕ್ಕೆಯ ಮುಳ್ಳು ಗೋಡೆಗೆ ಕಚ್ಚುತ್ತದೆ.

ತೊಟ್ಟಿಯ ನೀರನ್ನೇ ಬಕೆಟ್ಟಿಗೆ ತುಂಬಿಸಿ, ಗುಹೆಯನ್ನು ಮೀನಿನ ಸಮೇತ ಅದರಲ್ಲಿ ಇಳಿಸಿದೆ. ಪ್ಲಾಸ್ಟರ್ ಕತ್ತರಿಸುವ ಇಕ್ಕಳ ಮನೆಯಲ್ಲಿತ್ತು. ಮಗಳು ನೀರೊಳಗೆ ಎರಡು ಕೈಯಿಂದ ಗುಹೆ ಹಿಡಿದಳು. ನಾನು ಅಂಚಿನಿಂದ ಚೂರು ಚೂರೇ ಮುರಿದೆ. ನಾನೇ ಉಜ್ಜಿ ತೆಳ್ಳಗೆ ಮಾಡಿದ ಗೋಡೆ, ಸುಲಭವಾಗಿ ಮುರಿಯಿತು. ಅಷ್ಟು ಮಟ್ಟಿಗೆ ಪುಣ್ಯ. ಹದಿನೈದು ನಿಮಿಷ ಹಿಡಿಯಿತು. ಅವಳ ಗಲ್ಲದಿಂದ ನೀರು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ಕೊನೆಯ ಚೂರು ಬಂದ ಕೂಡಲೇ ಛತ್ರಿ ಬಾಲ ಬೀಸಿತು. ನೋವು ಆಮೇಲೆ ಬಂತು. ಮೊದಲು ಕಂಡದ್ದು ನೀರು ಕೆಂಪಾದದ್ದು.

"ಮೀನಿಂದಾ?" ಎಂದಳು.

"ಇಲ್ಲ, ನನ್ನದು."

"ಸರಿ," ಎಂದು ಉಸಿರು ಬಿಟ್ಟಳು. ನನಗೂ ಹಾಗೇ ಅನಿಸಿತ್ತು.

ಕೈಗೆ ಟವೆಲ್ ಸುತ್ತಿಕೊಂಡು ನಾನು ಜಾಲರಿಯಲ್ಲಿ ಮೀನನ್ನು ತೊಟ್ಟಿಗೆ ಬಿಡುವ ಮೊದಲು ಅವಳು ಒಂದು ಕೆಲಸ ಮಾಡಿದಳು. ಬ್ಯಾಗಿನಿಂದ ಜಾಮಿಟ್ರಿ ಬಾಕ್ಸಿನ ಸ್ಕೇಲು ತೆಗೆದು ನೀರೊಳಗೆ ಮೀನಿನ ಪಕ್ಕ ಹಿಡಿದು ನೋಡಿದಳು.

ಅಳತೆ ಹೇಳಿದ್ದು ಆಸ್ಪತ್ರೆಯಲ್ಲಿ, ಬೆಂಚಿನ ಮೇಲೆ ಕೂತು ನಮ್ಮ ಸರದಿ ಕಾಯುವಾಗ.

"ಹದಿನಾರು, ಅಪ್ಪ."

"ಹದಿನಾರು ಪಾಯಿಂಟ್ ಒಂದು."

ನೋಟ್‌ಬುಕ್ ತೆಗೆದು ನನ್ನ ಮೊಣಕಾಲಿನ ಮೇಲೆ ಇಟ್ಟಳು. ಆಗಸ್ಟ್ 2ರಿಂದ ಎರಡು ಸಾಲು. ಒಂದರಲ್ಲಿ ಪಟ್ಟಿಯ ಅಳತೆ. ಇನ್ನೊಂದರಲ್ಲಿ ಅದೇ ಪಟ್ಟಿಯಲ್ಲಿ ಓದಿದ ಕ್ಲಿಪ್ಪಿನ ಅಳತೆ: 6.7, 6.6, 6.6, 6.5, 6.5, 6.4. ಅವಳ ಮನೆಯಲ್ಲೂ ಅದೇ ಕ್ಲಿಪ್ಪು, ಸರಿಯಾಗಿ ಏಳು ಸೆಂಟಿಮೀಟರ್. ಕ್ಲಿಪ್ಪು ವಾರ ವಾರ ಕುಗ್ಗುತ್ತಿತ್ತು. ಪ್ಲಾಸ್ಟಿಕ್ ಕುಗ್ಗುವುದಿಲ್ಲ ಎಂದು ನಾನೇ ಹತ್ತು ನಿಮಿಷ ಪಾಠ ಹೇಳಿ ಕಳಿಸಿದ್ದೆ.

"ಆಗಸ್ಟಿಂದ ಗೊತ್ತಿತ್ತಾ? ಯಾಕೆ ಹೇಳಲಿಲ್ಲ?"

"ನೀನ್ಯಾಕೆ ಹೇಳಲಿಲ್ಲ?"

ಎದುರು ಗೋಡೆಯಲ್ಲಿ ಕೈ ತೊಳೆಯುವ ಏಳು ಹಂತಗಳ ಚಿತ್ರ. ಏಳನ್ನೂ ಓದಿದೆ. ಆಮೇಲೆ ಹೇಳಿದೆ. ಮೀನು ಹೋದರೆ ನೀನು ಬರೋದಿಲ್ಲ ಅಂದುಕೊಂಡೆ ಅಂತ. ಇಷ್ಟೇ ಮಾತು. ಮೂರು ತಿಂಗಳು ಝೆರಾಕ್ಸ್ ಮಾಡಿದೆ ಇಷ್ಟು ಹೇಳಲಾಗದೆ.

ಅವಳು ನೋಟ್‌ಬುಕ್ ಮುಚ್ಚಿದಳು. "ನಾನೂ ಹಾಗೇ ಅಂದ್ಕೊಂಡೆ. ಮೀನಿಲ್ದಿದ್ರೆ ಬಾ ಅಂತ ನೀನು ಕರೀತೀಯೋ ಇಲ್ವೋ ಅಂತ. ಅದಕ್ಕೇ ಸುಮ್ನಿದ್ದೆ." ನನ್ನ ಕೈಯ ಟವೆಲ್ ನೋಡುತ್ತ, "ಅದು ಒಳಗೆ ಸಿಕ್ಕಾಕೊಂಡಿತ್ತಲ್ಲ. ನಾವಿಬ್ಬರೂ ಸೇರಿ ಮಾಡಿದ್ದು ಅದು."

ಇಲ್ಲ, ನಾನು ಮಾಡಿದ್ದು ಎಂದೆ. ನೀನು ಚಿಕ್ಕವಳು ಎಂದೆ. ಅದನ್ನು ಹೇಳಬಾರದಿತ್ತು. ನರ್ಸ್ ನನ್ನನ್ನು ಒಳಗೆ ಕರೆದರು. ಹೊರಗೆ ಬಂದಾಗ ಅವಳ ಅಮ್ಮ ಬಂದಿದ್ದಳು, ಮಗಳು ಬಾಗಿಲ ಕಡೆ ಮುಖ ಮಾಡಿ ನಿಂತಿದ್ದಳು.

ಸೆಪ್ಟೆಂಬರ್ 17, ಬುಧವಾರ

ಮತ್ಸ್ಯಾಲಯದ ಮೇಡಂಗೆ ಫೋನ್ ಮಾಡಿದೆ. ಉದ್ದ ಕೇಳಿದರು. 16.1 ಎಂದೆ. "ಹದಿನೈದಕ್ಕೆ ತರ್ತೀನಿ ಅಂದಿದ್ರಿ?" ತಡವಾಯಿತು ಎಂದೆ. ಮಗ್ಗುಲಿನ ತರಚು ಮಾಯಲಿ, 27ಕ್ಕೆ ತನ್ನಿ ಎಂದರು.

ಛತ್ರಿ ಪಾಚಿ ತಿಂದಿತು. ಅರ್ಧ ಹಾಳೆ.

ಸೆಪ್ಟೆಂಬರ್ 20, ಶನಿವಾರ

ಮೆಸೇಜು: "ಟೆಸ್ಟ್ ಇದೆ. ಬರಲ್ಲ. ಛತ್ರಿ ತಿಂತಿದೆಯಾ?"

"ತಿಂತಿದೆ. ಒಂದೂವರೆ ಹಾಳೆ."

ಹೆಬ್ಬೆರಳಿನ ಚಿತ್ರ ಬಂತು. ಅಷ್ಟೇ.

ಪಟ್ಟಿ ಕಿತ್ತು ಹಾಕಿದೆ. ಅಂಟು ಗಾಜಿನ ಮೇಲೆ ಉಳಿದಿದೆ, ಒಂದೇ ಕೈಯಲ್ಲಿ ಉಜ್ಜಲು ಬರುವುದಿಲ್ಲ.

ಸೆಪ್ಟೆಂಬರ್ 27, ಶನಿವಾರ

ಮುಗಿಯಿತು.

ಮಗಳು ಎಂಟಕ್ಕೇ ಬಂದಳು, ಅವಳ ಅಮ್ಮ ಬಿಟ್ಟು ಹೋದಳು. ಮುಚ್ಚಳದ ಬಕೆಟ್ಟು, ಗಾಳಿಗೆ ಬ್ಯಾಟರಿ ಪಂಪು, ಬೆಚ್ಚಗಿರಲಿ ಎಂದು ಸುತ್ತ ಹಳೆಯ ಕಂಬಳಿ. ಟ್ಯಾಕ್ಸಿಯಲ್ಲಿ ಬಕೆಟ್ಟನ್ನು ಕಾಲುಗಳ ನಡುವೆ ಹಿಡಿದು ಕೂತಳು. ಡ್ರೈವರ್, "ಏನಿದೆ ಅದರಲ್ಲಿ?" ಎಂದರು. "ಛತ್ರಿ," ಎಂದಳು. ಅವರು ಮುಂದೆ ಏನೂ ಕೇಳಲಿಲ್ಲ.

ಮತ್ಸ್ಯಾಲಯದ ಹಿಂಬದಿ. ಒದ್ದೆ ಸಿಮೆಂಟು ನೆಲ, ತಲೆಯ ಮೇಲೆ ಪೈಪುಗಳು. ಮೇಡಂ ಗಮ್‌ಬೂಟು ಹಾಕಿಕೊಂಡಿದ್ದರು. ಅಲ್ಲಿಯ ನೀರನ್ನು ಹನಿ ಹನಿಯಾಗಿ ಬಕೆಟ್ಟಿಗೆ ಬಿಟ್ಟರು, ಒಂದು ಗಂಟೆ. ಒಂದು ತಿಂಗಳು ಒಂಟಿ ತೊಟ್ಟಿಯಲ್ಲಿ ಇಟ್ಟು, ರೋಗ ಇಲ್ಲವೆಂದು ನೋಡಿ, ಆಮೇಲೆ ದೊಡ್ಡದಕ್ಕೆ ಬಿಡುತ್ತಾರಂತೆ. ಒಂಟಿ ತೊಟ್ಟಿಯೇ ನಮ್ಮದರ ಎರಡರಷ್ಟಿತ್ತು. ಛತ್ರಿ ಒಂದು ಸುತ್ತು ಹಾಕಿತು. ಗೋಡೆ ಬರುತ್ತದೆಂದು ನಾಲ್ಕು ಸೆಕೆಂಡಿಗೆ ತಿರುಗಿತು, ನೀರು ಇನ್ನೂ ಇತ್ತು. ಮತ್ತೆ ಹೊರಟಿತು. ಮೂರನೇ ಸಲ ತಿರುಗಲಿಲ್ಲ.

ಬಕೆಟ್ಟಿಗೆ ಮುಚ್ಚಳ ಹಾಕಿದೆ. ಕೆಮ್ಮಿದೆ.

ಮೇಡಂ ನನ್ನ ಬೆರಳಿನ ಬ್ಯಾಂಡೇಜು ನೋಡಿ, "ಕೊಯ್ತಾ? ನಮ್ಮಲ್ಲಿ ಎಲ್ಲರಿಗೂ ಒಂದೊಂದು ಗುರುತಿದೆ," ಎಂದು ತಮ್ಮ ಮುಂಗೈ ತೋರಿಸಿದರು. ಮಗಳು ಅದನ್ನು ಗಮನವಿಟ್ಟು ನೋಡಿದಳು.

ವಾಪಸ್ ಬರುವಾಗ ಬಸ್ಸು. ಅವಳ ಮನೆಯ ಸ್ಟಾಪು ಮೊದಲು ಬರುತ್ತದೆ. ಇಳಿಯುವ ಮುಂಚೆ ಒಂದು ಕ್ಷಣ ನಿಂತಳು. ಹೋದ ಶನಿವಾರದಿಂದ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಹೇಳಿದೆ.

"ಮುಂದಿನ ಶನಿವಾರ ಬಾ. ಮೀನಿಲ್ಲ. ಸುಮ್ಮನೆ ಬಾ."

ಕೇಳಿಸಿತೋ ಇಲ್ಲವೋ. ಬಾಗಿಲು ಮುಚ್ಚಿತು.

ಅಕ್ಟೋಬರ್ 1, ಬುಧವಾರ

ಹೊಲಿಗೆ ಬಿಚ್ಚಿದರು. ಬೆರಳ ತುದಿ ಜೋಮು. ಲ್ಯಾಬಿನಲ್ಲಿ ಮೇಷ್ಟ್ರ ಸೆಟ್ಟು ಮತ್ತೆ ಬಂದಿದೆ, ಈ ಸಲ ಚೀಟಿಯಲ್ಲಿ: "ಈಗ ಪರವಾಗಿಲ್ಲ. ಆದರೂ." ಪ್ಲಾಸ್ಟರಣ್ಣ ಓದಿ ಓದಿ ನಕ್ಕರು. ಇನ್ನೂ ಅರ್ಧ ಮಿಲಿ ಉಜ್ಜಿದೆ.

ಮೆಸೇಜು ಇಲ್ಲ. ನಾನೂ ಕಳಿಸಿಲ್ಲ. ಒಮ್ಮೆ ಕರೆದಾಗಿದೆ.

ಅಕ್ಟೋಬರ್ 4, ಶನಿವಾರ, ಬೆಳಿಗ್ಗೆ 9.10

ಉಷ್ಣಾಂಶ 25.5. ಉಪ್ಪು 1.025. ತೊಟ್ಟಿಯಲ್ಲಿ ಬಸವನಹುಳುಗಳು, ಒಂದು ಸೀಗಡಿ. ಆದರೂ ನೀರು ಆರುತ್ತದೆ, ಆದರೂ ತುಂಬಿಸಿದೆ.

10.20

ಕಿಟಕಿಯಿಂದ ಬಸ್ಸು ಕಾಣುತ್ತದೆ. ಇಬ್ಬರು ಇಳಿದರು. ಅವಳಲ್ಲ.

10.50

ಮುಂದಿನ ಬಸ್ಸು. ಯಾರೂ ಇಳಿಯಲಿಲ್ಲ. ಅನ್ನಕ್ಕೆ ಒಬ್ಬನಿಗೆ ಇಡಲೋ ಇಬ್ಬರಿಗೋ ಎಂದು ಡಬ್ಬಿ ಹಿಡಿದು ನಿಂತೆ. ಇಬ್ಬರಿಗೆ ಇಟ್ಟೆ. ಮಿಕ್ಕರೆ ರಾತ್ರಿಗಾಯಿತು.

ಮಧ್ಯಾಹ್ನ 3.15

ಬಂದಿದ್ದಾಳೆ. ಹನ್ನೊಂದೂವರೆಗೆ ಬಂದಳು, ಬೆವೆತು, ಮೊಣಕಾಲಿಗೆ ಮಣ್ಣು. ಸ್ಕೂಲಿನ ವಾಲಿಬಾಲ್ ಟೀಮಿಗೆ ಸೇರಿದ್ದಾಳಂತೆ. ಪ್ರಾಕ್ಟೀಸ್ ಮುಗಿಸಿ ಆ ಕಡೆಯ ರಸ್ತೆಯಿಂದ ನಡೆದು ಬಂದಳು. ನಾನು ಕಾದದ್ದು ಬೇರೆ ಕಿಟಕಿಯಲ್ಲಿ.

ಊಟ ಮಾಡುತ್ತ ಹೇಳಿದಳು: "ಪ್ರತಿ ಶನಿವಾರ ಆಗಲ್ಲ ಅಪ್ಪ. ತಿಂಗಳಿಗೆ ಎರಡು. ಪರವಾಗಿಲ್ವಾ?"

ಎರಡು ಎಂದರೆ ಅರ್ಧ. ಆಗಲಿ ಎಂದೆ. ಹೇಳಿದ ಮೇಲೆ ಅದು ನಿಜವೇ ಅನಿಸಿತು. ಎರಡು ಸಲ, ಏನೂ ತೋರಿಸದೆ, ಏನೂ ಅಳೆಯದೆ.

ಗಾಜಿನ ಮೇಲಿನ ಅಂಟನ್ನು ಅವಳೇ ಉಜ್ಜಿ ತೆಗೆದಳು. ಈಗ ದಿವಾನದ ಮೇಲೆ ಬಿದ್ದುಕೊಂಡಿದ್ದಾಳೆ, ಪಾದಗಳು ಹೊರಗೆ. ನಾನು ಇಲ್ಲಿ ಮೇಜಿನ ಹತ್ತಿರ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ, ಬೆರಳಿಗೆ ಪೆನ್ನು ಇನ್ನೂ ಒಗ್ಗುತ್ತಿಲ್ಲ.

"ಅಪ್ಪ, ಈ ದಿವಾನ ಉದ್ದ ಮಾಡು. ಅಳತೆ ತಗೋ."

ಸ್ಕೇಲು ತರಲು ಏಳುವಷ್ಟರಲ್ಲಿ, "ನಿಂದು ಬೇಡಪ್ಪಾ, ನಾನೇ ತಂದಿದೀನಿ," ಎಂದು ಬ್ಯಾಗಿಗೆ ಕೈ ಹಾಕಿದಳು. ಅವಳ ಅಮ್ಮನ ಹೊಲಿಗೆ ಟೇಪು. ಮನೆಯಿಂದಲೇ ಮಡಚಿ ತಂದಿದ್ದಾಳೆ.

ಗೋಡೆಗೆ ಬೆನ್ನು ಹಚ್ಚಿ ನಿಂತಳು. ನನ್ನ ಕಿವಿಯವರೆಗೆ ಬರುತ್ತಾಳೆ. ಯಾವಾಗ ಬಂದಳು?

"ನನ್ನ ಅಳತೆಗೆ ಸರಿಯಾಗಿ ಮಾಡಬೇಡ ಮತ್ತೆ. ಒಂದು ಗೇಣು ಜಾಸ್ತಿ ಇಡು. ಏನದು ಬರೀತಾ ಇರೋದು, ಆ ಪೆನ್ಸಿಲ್ ಕೊಡಿಲ್ಲಿ, ತಲೆ ಮೇಲೆ ಗೆರೆ ಎಳೀಬೇಕು."

ಕೊಡುತ್ತೇನೆ, ಇದೊಂದು ಸಾಲು ಮುಗಿ